ಬ್ರಾಕೆಟ್ಟಿಗೆ ಡಬಲ್ ಬೆಲ್

ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡುವವನಿಗೆ ಮನೆ ಬಾಡಿಗೆಗೆ ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ದಾವಣಗೆರೆಯಿಂದ ಅಹಮದಾಬಾದಿಗೆ ಬಂದು ವಟ್ವಾದ ಡೈ ಫ್ಯಾಕ್ಟರಿಯಲ್ಲಿ ಕೆಮಿಸ್ಟ್ ಆಗಿ ಸೇರಿದ ಹೊಸದರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಎಷ್ಟು ಉಜ್ಜಿ ಸ್ನಾನ ಮಾಡಿದರೂ ನನ್ನ ಕಿವಿಯ ಹಿಂದೆ ಒಂದಿಷ್ಟು ನೀಲಿ ಉಳಿದೇ ಇರುತ್ತಿತ್ತು. ಮನೆ ಮಾಲೀಕರ ಕಣ್ಣು ಆ ನೀಲಿಯಿಂದ ನೇರವಾಗಿ ತಮ್ಮ ಬಿಳಿ ಗೋಡೆಗೆ ಹೋಗುತ್ತಿತ್ತು, ಅಲ್ಲಿಂದ ಬಾಗಿಲಿಗೆ.

ಸವಿತಾಬೆನ್ ಮಾತ್ರ ಕಿವಿ ನೋಡಲಿಲ್ಲ. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಎಷ್ಟು ಓದಿದ್ದೀಯ ಎಂದು ಕೇಳಿದರು. ಎಂ.ಎಸ್ಸಿ. ಅಂದೆ. ಹತ್ತನೇ ಕ್ಲಾಸಿನ ಗಣಿತ ಬರುತ್ತದಾ ಎಂದು ಕೇಳಿದರು. ಬರುತ್ತದೆ ಅಂದೆ, ಸ್ವಲ್ಪ ಅವಮಾನವಾದವನಂತೆ. ಹಾಗಾದರೆ ಮೇಲಿನ ರೂಮು ನಿನ್ನದು ಎಂದು ಬೀಗದ ಕೈ ಕೊಟ್ಟರು. ಎಂ.ಎಸ್ಸಿ.ಯಿಂದ ನನಗೆ ಆ ತನಕ ಆದ ನೇರ ಲಾಭ ಅದೊಂದೇ.

ವಿಷಯ ಏನೆಂದರೆ, ಸವಿತಾಬೆನ್ ಮುಕ್ತ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಟ್ಟಿದ್ದರು. ಅವರು ಹುಡುಗಿಯಾಗಿದ್ದಾಗ ಊರಿನ ಶಾಲೆ ಎಂಟಕ್ಕೇ ಮುಗಿಯುತ್ತಿತ್ತು, ಪಕ್ಕದ ಊರಿಗೆ ಬಸ್ಸಿನಲ್ಲಿ ಕಳಿಸಲು ಅಪ್ಪ ಒಪ್ಪಿರಲಿಲ್ಲ. ಮಗಳ ಮದುವೆಯಾಗಿ ಅವಳು ವಡೋದರದ ಗೋರ್ವಾಕ್ಕೆ ಹೋದ ಮೇಲೆ ಇವರು ಪುಸ್ತಕ ತೆಗೆದಿದ್ದರು. ಉಳಿದೆಲ್ಲ ವಿಷಯ ಪಾಸು. ಗಣಿತ ಮಾತ್ರ ಪ್ರತಿ ಸಲ ಕೈಕೊಡುತ್ತಿತ್ತು. ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಹೋದರೆ ಪಾಸಾದ ವಿಷಯಗಳೂ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ ಶುರು.

ಮೊದಲ ಪಾಠದಲ್ಲೇ ಗೊತ್ತಾಯಿತು, ಅಡ್ಡ ಬಂದಿದ್ದು ಎಕ್ಸ್. ಎರಡು ಎಕ್ಸ್ ಪ್ಲಸ್ ಮೂರು, ಎಕ್ಸ್ ಇದ್ದ ಜಾಗದಲ್ಲಿ ಐದು ಇಟ್ಟರೆ ಉತ್ತರವೆಷ್ಟು ಎಂದು ಕೇಳಿದೆ. ಇಪ್ಪತ್ತೆಂಟು ಎಂದರು. ಹೇಗೆ ಅಂದೆ. ಎಕ್ಸ್ ಇದ್ದ ಜಾಗದಲ್ಲಿ ಐದು ಇಡು ಅಂದೆಯಲ್ಲ, ಎರಡರ ಪಕ್ಕ ಐದು ಇಟ್ಟೆ, ಇಪ್ಪತ್ತೈದಾಯಿತು, ಮೂರು ಕೂಡಿಸಿದೆ ಎಂದರು. ಹೇಳಿದ್ದನ್ನು ಅಕ್ಷರಶಃ ಮಾಡಿದವರಿಗೆ ತಪ್ಪು ಎಂದು ಹೇಗೆ ಹೇಳುವುದು? ಎರಡಕ್ಕೂ ಎಕ್ಸ್‌ಗೂ ನಡುವೆ ಒಂದು ಗುಣಾಕಾರ ಇದೆ, ಕಾಣಿಸುವುದಿಲ್ಲ ಅಷ್ಟೇ ಅಂದೆ. ಇದ್ದರೆ ಯಾಕೆ ಬರೆಯುವುದಿಲ್ಲ ಎಂದು ಕೇಳಿದರು. ಎಲ್ಲರಿಗೂ ಗೊತ್ತಿರುತ್ತದೆ ಅಂತ ಬರೆಯುವುದಿಲ್ಲ ಅಂದೆ. ನನಗೆ ಗೊತ್ತಿರಲಿಲ್ಲವಲ್ಲ ಎಂದರು. ಕೊನೆಗೆ, ಎಕ್ಸ್ ಎದ್ದು ಹೋದ ಜಾಗದಲ್ಲಿ ಸಂಖ್ಯೆಯನ್ನು ಬ್ರಾಕೆಟ್ ಹಾಕಿಯೇ ಕೂರಿಸಬೇಕು ಎಂದು ನಿಯಮ ಮಾಡಿದೆ. ಎರಡು, ಬ್ರಾಕೆಟ್ಟಿನಲ್ಲಿ ಐದು; ಹತ್ತು; ಪ್ಲಸ್ ಮೂರು, ಹದಿಮೂರು. ಗುಣಾಕಾರಕ್ಕೊಂದು ಮನೆಯಾಯಿತು, ಅವರಿಗೂ ಸಮಾಧಾನವಾಯಿತು.

ಗುಜರಾತಿಯಲ್ಲೂ ಇದು ಬೀಜಗಣಿತವೇ. ಆದರೆ ನಾವು ಬೀಜೋಕ್ತಿ ಎನ್ನುವುದಕ್ಕೆ ಅವರು ಪದಾವಲಿ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಯಾರೋ ತಂಬೂರಿ ಶ್ರುತಿ ಮಾಡುತ್ತಿದ್ದಾರೆ, ಇನ್ನೇನು ಹಾಡು ಶುರುವಾಗುತ್ತದೆ ಅನಿಸುತ್ತಿತ್ತು. ಬಂದಿದ್ದು ಮಾತ್ರ ಮೂರು ಎಕ್ಸ್ ಮೈನಸ್ ಏಳು. ನಾವು ‘ಬೆಲೆ ಕಂಡುಹಿಡಿಯಿರಿ’ ಎನ್ನುವಲ್ಲಿ ಅವರದು ‘ಕಿಂಮತ್ ಶೋಧೋ’. ಈ ಲೆಕ್ಕದಲ್ಲಿ ಎಕ್ಸ್‌ಗೆ ಐದು, ಮುಂದಿನದರಲ್ಲಿ ಎರಡು, ಹೀಗೇಕೆ ಬದಲಾಗುತ್ತದೆ ಎಂಬ ಪ್ರಶ್ನೆ ಬಂದಾಗ ಈ ಪದ ನನ್ನನ್ನು ಕಾಪಾಡಿತು. ಟೊಮೆಟೊ ಕಿಂಮತ್ ದಿನವೂ ಒಂದೇ ಇರುತ್ತದಾ ಎಂದೆ. ಸವಿತಾಬೆನ್ ನಕ್ಕು ಪುಟ ತಿರುವಿದರು.

ಅವರ ಇನ್ನೊಂದು ತೊಂದರೆ ‘ಚಾಲ್ಶೆ’. ನಡೆಯುತ್ತದೆ ಬಿಡು ಎಂದು ಅದರ ಅರ್ಥ. ಇಡೀ ನಗರ ಈ ಪದದ ಮೇಲೆ ಸುಖವಾಗಿ ನಡೆಯುತ್ತದೆ. ಮೈನಸ್ ಇರಬೇಕಾದಲ್ಲಿ ಪ್ಲಸ್ ಹಾಕಿ ಅವರು ಚಾಲ್ಶೆ ಅನ್ನುವರು. ನಡೆಯುವುದಿಲ್ಲ ಎನ್ನುವುದೇ ನನ್ನ ಸಂಜೆಯ ಉದ್ಯೋಗವಾಯಿತು.

ಅವರ ಗಂಡ ಮನುಭಾಯಿ ಸಿಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ನಾವು ಪಾಠ ಮಾಡುವಾಗ ಹಿತ್ತಲ ಕಡೆಯ ಉಯ್ಯಾಲೆಯಲ್ಲಿ ಕೂತು, ಈ ವಯಸ್ಸಿನಲ್ಲಿ ಎಕ್ಸ್ ಸಿಕ್ಕಿ ಏನಾಗಬೇಕು ಎಂದು ಉಯ್ಯಾಲೆಗೇ ಹೇಳುತ್ತಿದ್ದರು.

ಹೀಗಿರುವಾಗ ನನ್ನನ್ನು ಕಂಪನಿ ಸೂರತ್ತಿನ ಘಟಕಕ್ಕೆ ಹಾಕಿತು. ಪರೀಕ್ಷೆ ಇನ್ನೂ ಮುಂದಿತ್ತು. ಸವಿತಾಬೆನ್ ದಾರಿಗೆಂದು ಥೇಪ್ಲಾ, ಅಂದರೆ ಮೆಂತ್ಯಸೊಪ್ಪಿನ ರೊಟ್ಟಿ, ಕಟ್ಟಿಕೊಟ್ಟರು. ರೈಲಿನಲ್ಲಿ ಆ ಪೊಟ್ಟಣ ಬಿಚ್ಚಲು ಮನಸ್ಸಾಗದೆ, ಅವರಿಗೆ ಕರೆ ಮಾಡಿ, ಇನ್ನು ಸಂಜೆ ಫೋನಿನಲ್ಲೇ ಪಾಠ ಮುಂದುವರಿಸೋಣ ಎಂದು ಹೇಳಿಬಿಟ್ಟೆ. ಆಮೇಲೆ ಥೇಪ್ಲಾ ರುಚಿಯಾಗಿತ್ತು.

ಬೀಜಗಣಿತವನ್ನು ಬಾಯಲ್ಲಿ ಹೇಳುವುದು ಎಷ್ಟು ಕಷ್ಟ ಎಂಬುದು ಆಗ ತಿಳಿಯಿತು. ‘ಎಕ್ಸ್ ಪ್ಲಸ್ ಮೂರರ ವರ್ಗ’ ಎಂದರೆ ವರ್ಗ ಮೂರಕ್ಕೆ ಮಾತ್ರವೋ, ಇಬ್ಬರಿಗೂವೋ? ವೀಡಿಯೊ ಕರೆ ಮಾಡಿದರೆ ಅವರ ಹಣೆಯೊಂದೇ ಕಾಣುತ್ತಿತ್ತು. ಫೋನ್ ಹಿಡಿದರೆ ಬರೆಯಲು ಕೈಯಿಲ್ಲ. ಹೀಗಾಗಿ ಪುಸ್ತಕ ನೋಡಿ ಲೆಕ್ಕ ಓದಿಹೇಳುವ ಕೆಲಸ ಮನುಭಾಯಿಗೆ ಬಂತು. ಗೊಣಗುತ್ತಲೇ ಒಪ್ಪಿಕೊಂಡರು. ಆದರೆ ಸ್ಟಾಪುಗಳ ಹೆಸರು ಕೂಗಿ ಅಭ್ಯಾಸವಿದ್ದ ಗಂಟಲು. ಅವರು ಓದಿದ ಪದಾವಲಿ ಸೂರತ್ತಿನ ನನ್ನ ರೂಮಿನಲ್ಲಿ ಗೋಡೆಯಾಚೆಯವರಿಗೂ ಕೇಳಿಸುತ್ತಿತ್ತು. ಬ್ರಾಕೆಟ್ಟಿನ ಗೊಂದಲಕ್ಕೂ ಅವರೇ ಮದ್ದು ಹುಡುಕಿದರು. ಚಮಚದಿಂದ ಸ್ಟೀಲ್ ಲೋಟಕ್ಕೆ ಒಂದು ಸಲ ಹೊಡೆದರೆ ಬ್ರಾಕೆಟ್ ತೆರೆಯಿತು. ಬಸ್ಸು ಹೊರಡಿಸುವಾಗಿನಂತೆ ಡಬಲ್ ಬೆಲ್ ಹೊಡೆದರೆ ಮುಚ್ಚಿತು, ಮುಂದೆ ಹೋಗಬಹುದು.

ಪರೀಕ್ಷೆ ಹತ್ತಿರವಾದಾಗ ಹತ್ತು ಮೈನಸ್, ಬ್ರಾಕೆಟ್ಟಿನಲ್ಲಿ ಎಕ್ಸ್ ಮೈನಸ್ ಮೂರು ಎಂಬ ಲೆಕ್ಕ ಬಂತು. ಮೊದಲು ಬ್ರಾಕೆಟ್ ಬಿಡಿಸಿ, ಆಮೇಲೆ ಎಕ್ಸ್‌ಗೆ ನಾಲ್ಕು ಹಾಕಬೇಕು. ಸವಿತಾಬೆನ್‌ಗೆ ಮೂರೇ ಬರುತ್ತಿತ್ತು, ಪುಸ್ತಕದಲ್ಲಿ ಒಂಬತ್ತು. ಮತ್ತೆ ಮಾಡಿದರು, ಮತ್ತೆ ಮೂರು. ನನ್ನ ದನಿಯೂ ಸ್ವಲ್ಪ ಏರಿತ್ತೋ ಏನೋ. ಅವರು ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಇನ್ನು ಸಾಕು, ಇದು ನನ್ನಿಂದಾಗದು ಎಂದರು. ಫೋನ್ ಕಟ್ಟಾಯಿತು. ಮತ್ತೆ ಕರೆ ಮಾಡಿದರೆ ಎತ್ತಲಿಲ್ಲ.

ಮರುದಿನ ಸಂಜೆ ಮನುಭಾಯಿಯ ಕರೆ ಬಂತು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರಬಹುದೆಂದು ನಾನು ಎಣಿಸಿರಲಿಲ್ಲ.

“ಅವಳು ಅಡುಗೆಮನೆಯಲ್ಲಿದ್ದಾಳೆ. ಪುಸ್ತಕ ಮೇಲೆ ಎತ್ತಿಟ್ಟಿದ್ದಾಳೆ. ಆ ಮೈನಸ್ ಬ್ರಾಕೆಟ್ಟಿನೊಳಗೆ ಹೋಗಿ ಏನು ಮಾಡುತ್ತದೆ, ನನಗೆ ಹೇಳು. ನಾನು ಅವಳಿಗೆ ಹೇಳುತ್ತೇನೆ.”

ಹೇಳಿದೆ. ಹೊರಗಿನ ಮೈನಸ್ ಒಳಗಿರುವ ಪ್ರತಿಯೊಂದರ ಚಿಹ್ನೆಯನ್ನೂ ಬದಲಿಸುತ್ತದೆ. ಸವಿತಾಬೆನ್ ಎಕ್ಸ್‌ನದು ಮಾತ್ರ ಬದಲಿಸಿ ಮೂರರದನ್ನು ಹಾಗೇ ಬಿಡುತ್ತಿದ್ದಾರೆ ಅಂದೆ. ಮನುಭಾಯಿ ತಾವೇ ಬಿಡಿಸಿ ನೋಡಿದರು. ಅವರಿಗೂ ಮೊದಲು ಮೂರೇ ಬಂತು. ಆಮೇಲೆ ಒಂಬತ್ತು ಬಂತು.

“ಚೆಕಿಂಗ್‌ನವನು ಬಸ್ ಹತ್ತಿದ ಹಾಗೆ,” ಅಂದರು. “ಮೊದಲ ಸೀಟಿನವನ ಟಿಕೆಟ್ ನೋಡಿ ಇಳಿದುಹೋಗುವುದಿಲ್ಲ. ಎಲ್ಲರದೂ ನೋಡುತ್ತಾನೆ.”

ಫೋನ್ ಇಡುವುದನ್ನು ಮರೆತೇ ಅಡುಗೆಮನೆಗೆ ಹೋದರು. ಒಗ್ಗರಣೆಯ ಚಟಪಟ ಕೇಳಿಸಿತು, ಮನುಭಾಯಿ ಏನೋ ಹೇಳುವುದು ಕೇಳಿಸಿತು, ಸವಿತಾಬೆನ್ ಬೈಯುವುದು ಕೇಳಿಸಿತು. ಆಮೇಲೆ ಲೋಟಕ್ಕೆ ಚಮಚ ತಗುಲಿದ ಸದ್ದು. ನಾನು ಮೆಲ್ಲಗೆ ಫೋನ್ ಇಟ್ಟೆ.

ಗಣಿತ ಪಾಸಾಯಿತು. ಅಂಕ ಬಹಳವೇನಲ್ಲ, ಅದನ್ನು ಕೇಳಿದವರಿಗೆ ಸವಿತಾಬೆನ್ ‘ಚಾಲ್ಶೆ’ ಎಂದರಂತೆ, ಈ ಸಲ ನಾನೂ ಒಪ್ಪಿದೆ. ಮಗಳು ಗೋರ್ವಾದಿಂದ ಪೇಡಾ ತಂದು ಬೀದಿಗೆಲ್ಲ ಹಂಚಿದಳು.

ಬಿಡುವು ಮಾಡಿಕೊಂಡು ಒಂದು ಭಾನುವಾರ ಹೋದೆ. ಸವಿತಾಬೆನ್ ಆಗಲೇ ಹನ್ನೊಂದನೇ ಕ್ಲಾಸಿಗೆ ಸೇರಿಯಾಗಿತ್ತು, ಅದೂ ಕಾಮರ್ಸಿಗೆ. ನನಗೆ ಗಾಬರಿಯಾಯಿತು. ಗಣಿತದ ಗೋಳೇ ಇಲ್ಲದ ಆರ್ಟ್ಸ್ ಇತ್ತಲ್ಲ, ಅದನ್ನು ಬಿಟ್ಟು ಇದನ್ನೇಕೆ ತೆಗೆದುಕೊಂಡಿರಿ ಎಂದು ಕೇಳಿದೆ.

ಅವರು ಒಳಗೆ ಇಣುಕಿ ನೋಡಿದರು. ಮನುಭಾಯಿ ಕನ್ನಡಕ ಏರಿಸಿಕೊಂಡು, ಹೊಸ ಪುಸ್ತಕದ ಮೊದಲ ಅಧ್ಯಾಯವನ್ನು ಬಾಯಿಬಿಟ್ಟು ಓದಿಕೊಳ್ಳುತ್ತಿದ್ದರು.

“ಆರ್ಟ್ಸ್ ತೆಗೆದುಕೊಳ್ಳಬಹುದಿತ್ತು,” ಎಂದರು ಸವಿತಾಬೆನ್, ದನಿ ತಗ್ಗಿಸಿ. “ಆದರೆ ಸಂಜೆ ಹೊತ್ತು ಇವರು ಏನು ಮಾಡಬೇಕು?”