ಎದುರುಮನೆ ಅತ್ತೆಯ ಬೋಳು ಕಾರ್ಡುಗಳು

ಎದುರುಮನೆ ಅತ್ತೆ ಗಂಟು ಬಿಗಿಯುತ್ತಿದ್ದದ್ದು ಹಲ್ಲಿನಿಂದ. ದಾರದ ಒಂದು ತುದಿ ಬಲಗೈಯಲ್ಲಿ, ಇನ್ನೊಂದು ಕೋರೆಹಲ್ಲಿನಡಿ. ಕತ್ತನ್ನು ಒಂದು ಸಲ ಹಿಂದಕ್ಕೆಳೆದರೆ ಗಂಟು ಕಲ್ಲಾಗುತ್ತಿತ್ತು. ಕೆಳತುಟಿಯ ಮೇಲೆ ದಾರ ಉಜ್ಜಿದ ಕೆಂಪು ಗೆರೆ. ಅವರನ್ನು ನೆನೆದರೆ ಮೊದಲು ಬರುವುದು ಈ ಚಿತ್ರವೇ. ಇದನ್ನು ನಂಬಬೇಡಿ. ನಾನೂ ನಂಬಿದ್ದೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮು. ಆ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು. ಕರೆಂಟು ಹೋದ ಮೇಲೂ ಸ್ವಲ್ಪ ಹೊತ್ತು ಎಲ್ಲರೂ ಕೂಗುತ್ತಲೇ ಇರುತ್ತಿದ್ದೆವು. ಅತ್ತೆ ನಮಗೆ ನೆಂಟರಲ್ಲ, ಇಡೀ ಬೀದಿಗೆ ಅತ್ತೆ. ಸೀರೆಯ ಡಿಸೈನನ್ನು ತೂತುಗಳಾಗಿ ಕೊರೆದ ರಟ್ಟಿನ ಕಾರ್ಡುಗಳನ್ನು ಒಂದಕ್ಕೊಂದು ದಾರದಿಂದ ಕಟ್ಟಿ ಸರ ಮಾಡುವುದು ಅವರ ಕೆಲಸ. ಆ ಸರ ಮಗ್ಗದ ಮೇಲೆ ಸುತ್ತುತ್ತದೆ. ತೂತು ಇದ್ದಂತೆ ಎಳೆ ಏಳುತ್ತದೆ, ಹೂವು ಮೂಡುತ್ತದೆ. ಸೆರಗಿನ ಸರದ ಕೊನೆಗೆ ಅತ್ತೆ ಐದಾರು ಬೋಳು ಕಾರ್ಡು ಸೇರಿಸುತ್ತಿದ್ದರು. ಅವುಗಳಲ್ಲಿ ಹೂವಿನ ತೂತು ಇರುವುದಿಲ್ಲ. ಅವು ಬಂದಾಗ ಹೂವು ನಿಲ್ಲುತ್ತದೆ. ಅದನ್ನು ಕಂಡು ನೇಯುವವರು ಮಗ್ಗ ನಿಲ್ಲಿಸುತ್ತಾರೆ.

ಡಿಗ್ರಿ ಓದುತ್ತಿದ್ದಾಗ ಒಂದು ರಜೆಯಲ್ಲಿ ಅವರ ಜೊತೆ ಕಾರ್ಡು ಕಟ್ಟಲು ಕೂತೆ. ಬೋಳು ಕಾರ್ಡುಗಳು ದಂಡವೆನಿಸಿ, ಹೇಳದೆ ಕೇಳದೆ ತೆಗೆದುಹಾಕಿ, ಸರದ ಕೊನೆಯನ್ನು ನೇರ ಅದರ ಮೊದಲ ಕಾರ್ಡಿಗೆ ಕಟ್ಟಿಬಿಟ್ಟೆ. ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ ಅಪ್ಪ ದೂರದಿಂದ ಹೂವು ಕಂಡಷ್ಟು ಹೊತ್ತು ಮಗ್ಗ ನಿಲ್ಲಿಸಲಿಲ್ಲ. ಸೆರಗು ಮುಗಿದಲ್ಲೇ ಮತ್ತೆ ಸೆರಗು, ಅದರ ಬೆನ್ನಿಗೆ ಇನ್ನೊಂದು.

"ಯಾರಮ್ಮ ಕಟ್ಟಿದ್ದು ಇದನ್ನ? ಸೀರೆ ಎಲ್ಲಿ, ಬರೀ ಸೆರಗೇ ಐತಲ್ಲ!" ಎಂದು ಅಪ್ಪ ಬೀದಿಗೆ ಬಂದು ಕೂಗಿದರು.

"ನಾನೇ ಕಣಣ್ಣ. ಕಣ್ಣು ಮಂಜಾಗ್ತಾವೆ ಈಚೆಗೆ," ಎಂದರು ಅತ್ತೆ. ಅಪ್ಪ ಒಳಗೆ ಹೋದ ಮೇಲೆ ಎಡಗೈಯಿಂದ ನನ್ನ ಕಿವಿ ಹಿಂಡಿದರು. ಎಂಥ ಹಿಡಿತ! "ತೂತಿಲ್ಲ ಅಂದ್ರೆ ಕೆಲ್ಸ ಇಲ್ಲ ಅಂತಲ್ಲ ಕಣೇ, ಓದಿದೋಳೇ."

ಕೆಲವು ವರ್ಷಗಳ ಮೇಲೆ, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಅದೇ ತಪ್ಪನ್ನು ಮತ್ತೆ ಮಾಡಿದೆ. ಜೀನಿನಿಂದ ಹೊರಡುವ ಆದೇಶವನ್ನು ಮೆಸೆಂಜರ್ ಆರ್‌ಎನ್‌ಎ ಎಂಬ ಎಳೆ ಹೊತ್ತೊಯ್ಯುತ್ತದೆ. ಅದರ ನಡುಭಾಗ ಓದಿ ಜೀವಕೋಶ ಪ್ರೋಟೀನು ಕಟ್ಟುತ್ತದೆ. ಎರಡು ತುದಿಗಳಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಕೋಶಕ್ಕೆ 'ಬೆಳೆ' ಎಂದು ಹೇಳುವ ಜೀನೊಂದರ ಕೊನೆಯ ತುದಿಯನ್ನು, ಅದರ ಬಾಲವನ್ನು, ದಂಡವೆಂದು ಕತ್ತರಿಸಿ, ಉಳಿದದ್ದನ್ನು ಕೋಶಗಳಿಗೆ ಸೇರಿಸಿದೆ. ಪ್ರೋಟೀನಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಆದರೂ ಕೋಶ ಬೆಳೆಸುವ ತಟ್ಟೆ ತೆಗೆದು ನೋಡಿ ಬೆಚ್ಚಿಬಿದ್ದೆ: ಕೋಶಗಳು ಒಂದರ ಮೇಲೊಂದು ಹತ್ತಿ ರಾಶಿಯಾಗಿದ್ದವು. 'ಈ ಎಳೆ ಬೇಗ ಕರಗಲಿ' ಎಂಬ ಸೂಚನೆ ಆ ಬಾಲದಲ್ಲಿತ್ತು. ಅದಿಲ್ಲದೆ ಎಳೆ ಉಳಿಯಿತು, ಪ್ರೋಟೀನು ಬರುತ್ತಲೇ ಇತ್ತು. ಇದು ನನ್ನ ಶೋಧವೇನಲ್ಲ. ಬೇರೆಯವರು ಆಗಲೇ ತೋರಿಸಿದ್ದರು, ನಾನು ಓದಿರಲಿಲ್ಲ.

ಆ ಭಾನುವಾರ ಊರಿಗೆ ಬಂದವಳೇ ಅತ್ತೆಯ ಜಗಲಿಗೆ ಓಡಿದೆ. ಅವರು ಕಾರ್ಡು ಕಟ್ಟುತ್ತಿದ್ದರು, ದಾರ ಹಲ್ಲಿನಲ್ಲಿ. ಎಲ್ಲ ಕೇಳಿ ನಕ್ಕರು.

"ಅಯ್ಯೋ, ಇದಕ್ಕೆ ಬೆಂಗ್ಳೂರಿಗೆ ಹೋಗ್ಬೇಕಿತ್ತಾ? ಆವತ್ತೇ ಕಿವಿ ಹಿಂಡಿ ಹೇಳಿರ್ಲಿಲ್ವಾ?"

ನಾನೂ ನಕ್ಕೆ. ಇದೇ ಮಾತನ್ನು ಆಮೇಲೆ ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ಪ್ರತಿ ಸಲವೂ ಮಕ್ಕಳು ನಗುತ್ತಾರೆ, ನಾನು ಅಲ್ಲಿಗೆ ಮುಗಿಸುತ್ತೇನೆ.

ಆದರೆ ಆವತ್ತಿನ ಮಾತು ಅಲ್ಲಿಗೆ ಮುಗಿದಿರಲಿಲ್ಲ.

"ಹಂಗೆ ಬೆಳ್ಕೊಂಡೇ ಹೋದ್ರೆ ಏನಾಯ್ತದೆ?" ಎಂದು ಕೇಳಿದರು.

"ಕ್ಯಾನ್ಸರ್, ಅತ್ತೆ," ಎಂದೆ. ಪರೀಕ್ಷೆಯಲ್ಲಿ ಸರಿಯುತ್ತರ ಹೇಳಿದ ಹುಡುಗಿಯ ಹಾಗೆ.

"ನೋವಿರ್ತದಾ?"

"ತಟ್ಟೇಲಿರೋ ಕೋಶಕ್ಕೆ ಯಾವ ನೋವು ಅತ್ತೆ, ನೀವೊಳ್ಳೆ!"

ಅವರು ಗಂಟು ಕಚ್ಚಿ ಎಳೆದರು. "ಏನಿಲ್ಲ ಬಿಡು. ಕಾಫಿ ಕುಡೀತೀಯಾ?"

ಕುಡಿದೆ. ಸಕ್ಕರೆ ಸಾಲದೆಂದು ಇನ್ನೊಂದು ಚಮಚ ಹಾಕಿಸಿಕೊಂಡೆ.

ನಾಲ್ಕು ತಿಂಗಳಲ್ಲಿ ಅತ್ತೆ ಹೋದರು. ಮಗಳು ಬಲವಂತ ಮಾಡಿ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಎಡ ಎದೆಯ ಗೆಡ್ಡೆ ಒಡೆದಿತ್ತು. ತಿಥಿಯ ದಿನ, ಅತ್ತೆ ಕೊನೆಗೆ ಕಟ್ಟಿದ್ದ ಸರ ಮೂಲೆಯಲ್ಲೇ ಬಿದ್ದಿತ್ತು. ನಾನು ಅದನ್ನೆತ್ತಿ, "ಹಲ್ಲಿನಲ್ಲೇ ಕಟ್ಟೋರು ಪಾಪ, ಮೊದಲಿಂದ್ಲೂ," ಎಂದೆ.

ಮಗಳು ನನ್ನ ಮುಖವನ್ನೇ ನೋಡಿದಳು. "ಮೊದಲಿಂದ್ಲೂ ಎಲ್ಲಿ ಕಣೇ? ಅವ್ವ ಗಂಟು ಬಿಗೀತಿದ್ದದ್ದು ಎಡಗೈಲಿ. ಕಂಕುಳೆಲ್ಲ ಊದ್ಕೊಂಡು ಕೈ ಎತ್ತಕ್ಕೆ ಆಗ್ದಂಗಾಯ್ತಲ್ಲ, ಆ ಒಂದು ವರ್ಷದ್ದು ಹಲ್ಲು. ನಂಗೂ ತೋರಿಸ್ಲಿಲ್ಲ. ನಿಂಗೇನೋ ಕೇಳ್ತೀನಿ ಅಂದಿತ್ತು. ಅವಳು ಅದನ್ನೇ ಅಲ್ವಾ ಓದ್ತಿರೋದು, ಅಂತ."

ನನ್ನ ಕೈಯಲ್ಲಿದ್ದ ಸರದ ಗಂಟುಗಳೆಲ್ಲ ಹಲ್ಲಿನಡಿ ಸಿಕ್ಕಿ ಚಪ್ಪಟೆಯಾಗಿದ್ದವು. ಕೊನೆಗೆ ಆರು ಬೋಳು ಕಾರ್ಡು, ಅವನ್ನೂ ಕಟ್ಟಿಟ್ಟಿದ್ದರು. ಕಿವಿ ಹಿಂಡಿದ್ದು ಎಡಗೈ ಎಂಬುದು ನನಗೆ ಮೊದಲೇ ನೆನಪಿತ್ತೋ, ಆ ಮಾತು ಕೇಳಿದ ಮೇಲೆ ಹೊಳೆಯಿತೋ, ಇಂದಿಗೂ ಹೇಳಲಾರೆ.

ಅವರು ಕೇಳಿದ್ದರು. ನನಗೆ ತಿಳಿದದ್ದನ್ನೇ, ನನ್ನ ಮುಂದೆಯೇ ಕೂತು ಕೇಳಿದ್ದರು. ನಾನು ಆ ಪ್ರಶ್ನೆಯನ್ನು ಕತ್ತರಿಸಿ, ನಗು ಬರುವಷ್ಟನ್ನು ಮಾತ್ರ ಉಳಿಸಿಕೊಂಡು, ವರ್ಷವರ್ಷವೂ ಹೇಳುತ್ತ ಬಂದೆ.

ಹೋದ ವಾರ ಪಾಠದಲ್ಲಿ ಮೊದಲ ಸಲ "ನೋವಿರ್ತದಾ?" ಎಂಬುದನ್ನೂ ಹೇಳಿದೆ. ಯಾರೂ ನಗಲಿಲ್ಲ. ಪಾಠ ಅಲ್ಲಿಗೇ ನಿಂತಿತು.