ಪೆಟ್ಟಿಗೆಯೊಳಗೆ ಕೇಳಿದ ಅರ್ಧ ಮಾತು

ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೂ ಆದೋನಿಯ ಹತ್ತಿ ಪ್ರೆಸ್ಸಿನಲ್ಲಿ ನನ್ನಷ್ಟು ಗಟ್ಟಿಯಾಗಿ ಹತ್ತಿ ತುಳಿಯುವವನು ಇನ್ನೊಬ್ಬನಿರಲಿಲ್ಲ; ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆಳುದ್ದಕ್ಕಿಂತ ಆಳವಾದ ಮರದ ಪೆಟ್ಟಿಗೆ. ಅದರೊಳಗೆ ಇಳಿದು, ಸುರಿದ ಹತ್ತಿಯನ್ನು ತುಳಿಯಬೇಕು. ನಾವು ಹೊರಗೆ ಬಂದ ಮೇಲೆ ಮೇಸ್ತ್ರಿ "ಆಗ್ಲಿ" ಎನ್ನುತ್ತಿದ್ದ. ಮುದುಕನೊಬ್ಬ ಹಿಡಿಕೆ ಎಳೆದರೆ ಉಗಿಯಂತ್ರದ ಕಬ್ಬಿಣದ ದಿಂಡು ಮೇಲಿನಿಂದ ಇಳಿದು ಹತ್ತಿಯನ್ನು ಕಲ್ಲಿನಂತೆ ಒತ್ತುತ್ತಿತ್ತು. ನಿಲ್ಲಿಸಬೇಕಾದರೆ ಮೇಸ್ತ್ರಿ ತೆಲುಗಿನಲ್ಲಿ "ಆಗು" ಎನ್ನುತ್ತಿದ್ದ. ಕನ್ನಡದ್ದು ನಡೆಸು, ತೆಲುಗಿನದು ನಿಲ್ಲು. ನಮ್ಮ ಕಡೆ ಎರಡೂ ಭಾಷೆ ಒಂದೇ ಬಾಯಲ್ಲಿ ಓಡಾಡುವುದರಿಂದ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಒಂದು ದಿನ ಮೇಸ್ತ್ರಿ ತನ್ನ ಮನೆಗೆ ಹೋಗಿ ಬುತ್ತಿ ತರಲು ನನಗೆ ಹೇಳಿದ.

"ನಾ ಹತ್ತಿ ತುಳಿಯಾಕ ಬಂದೀನ್ರಿ, ಬುತ್ತಿ ಹೊರಾಕಲ್ಲ" ಅಂದೆ. ನಾಲ್ಕು ಜನ ನಕ್ಕರು.

ಮರುದಿನದಿಂದ ಶುರುವಾಯಿತು. ನಾನು ಪೆಟ್ಟಿಗೆಯಲ್ಲಿರುವಾಗಲೇ "ಆಗ್..." ಎಂದು ರಾಗ ಎಳೆದು, ಮಿಕ್ಕದ್ದನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದ. ನೆತ್ತಿಯ ಮೇಲೆ ದಿಂಡು. ಹಲಗೆಯ ಅಂಚು ಹಿಡಿದು ಜಿಗಿದು ಹೊರಬೀಳುತ್ತಿದ್ದೆ. ಆಗ "...ಉ" ಎಂದು ಮುಗಿಸಿ, "ಯಾಕ್ಲೇ ಶೂರ, ಹತ್ತ್ಯಾಗ ಹಾವು ಬಂತೇನು?" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಬರಬರುತ್ತ ನಾನೂ ನಗತೊಡಗಿದೆ; ಅದನ್ನು ನೆನೆದರೆ ಈಗಲೂ ನಾಚಿಕೆ. ಮನೆಯಲ್ಲಿ ಹೆಂಡತಿ "ಯಾಕ್ರಿ, ಉಣವಲ್ರಿ?" ಅಂದರೆ, ಗಂಟಲಲ್ಲಿ ಹತ್ತಿ ಧೂಳು ಎನ್ನುತ್ತಿದ್ದೆ.

ಹಿಡಿಕೆಯ ಮುದುಕ ಕೌತಾಳಂ ಕಡೆಯವನು, ನಮಗೆಲ್ಲ ಮಾವ. ಒಂದು ಮಧ್ಯಾಹ್ನ ಅವನು ರೊಟ್ಟಿ ಬಿಚ್ಚುವಾಗ ಪಕ್ಕಕ್ಕೆ ಹೋಗಿ ಕೂತೆ.

"ಮಾವ, ಮೇಸ್ತ್ರಿ ಮಾತು ನಿನಗ ಪೂರಾ ಕೇಳಸ್ತೈತೇನು?"

ಅವನು ರೊಟ್ಟಿ ಕೆಳಗಿಟ್ಟ. "ಇಲ್ಲಪಾ. ಈ ಸದ್ದಿನ್ಯಾಗ 'ಆಗ್' ಅಷ್ಟ ಕೇಳಸ್ತೈತಿ. ಅವನ ಮಾರಿ ನೋಡಿ ಎಳೀತೀನಿ. ಮೊನ್ನೆ ಎಳದ ಬಿಡ್ತಿದ್ದೆ, ನಿನ್ನ ತಲಿ ಕಂಡಿತು."

ಅಲ್ಲಿಯವರೆಗೆ ನಾನು, ಎಷ್ಟಾದರೂ ಆಟ, ಜೀವಕ್ಕೆ ಬರಲಾರದು ಎಂದುಕೊಂಡಿದ್ದೆ.

"ಹಂಗಾದ್ರ ಅವನ ಮಾತಿಗೆ ಎಳೀಬ್ಯಾಡ. ಹೊರಗ ಬಂದು ನಾನ ಹೇಳ್ತೀನಿ."

"ನನ್ನ ಕೆಲಸ ತಗೀತಾನಪಾ."

"ನೀ ನನ್ನ ಜೀವ ತಗೀತಿ, ಮಾವ."

ಅವನು ರೊಟ್ಟಿಯ ಗಂಟು ಮತ್ತೆ ಕಟ್ಟಿ ಹಿಡಿಕೆಯ ಕಡೆ ನಡೆದ. ಎಳೆಯುತ್ತಾನೋ ಬಿಡುತ್ತಾನೋ ಎಂಬ ಗುಮಾನಿಯಲ್ಲೇ ಮತ್ತೆ ಪೆಟ್ಟಿಗೆಗೆ ಇಳಿದೆ. ನಾಲ್ಕು ಸುತ್ತು ತುಳಿದಿರಬೇಕು, "ಆಗ್..." ಬಂತು. ಜಿಗಿಯೋಣವೆಂದರೆ ಕಾಲು ಏಳಲೇ ಇಲ್ಲ.

"...ಲಿ!"

ನಾನು ಒಳಗಿರುವಾಗ ಹಾಗೆ ಮುಗಿಸಿದ್ದು ಅದೇ ಮೊದಲು. ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದೆ. ಉಗಿ ಬುಸುಗುಡುತ್ತಿತ್ತು. ದಿಂಡು ಇಳಿಯಲಿಲ್ಲ.

"ಏ ಮುದ್ಯಾ, ಕಿವುಡೇನ್ಲೇ?" ಮೇಸ್ತ್ರಿಯ ಕೂಗು.

"ಒಳಗ ಮನಶ್ಯಾ ಅದಾನ್ರಿ," ಮಾವ ಅಂದ. "ಅವನ ಬಂದು ಹೇಳ್ಲಿ."

ಹೇಗೋ ಅಂಚು ಹಿಡಿದು ಹೊರಬಂದೆ. ಮಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಯಾರೂ ನಗಲಿಲ್ಲ. ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಿದ್ದ. ನಾಳೆ ನಮ್ಮಿಬ್ಬರನ್ನೂ ಗೇಟಿನ ಒಳಗೆ ಬಿಡುತ್ತಾರೋ ಇಲ್ಲವೋ.  ಮಾವನ ಕಡೆ ತಿರುಗಿ "ಆಗ್ಲಿ" ಎಂದು ಪೂರಾ ಹೇಳಿದೆ. ಮಾವ ಹಿಡಿಕೆ ಎಳೆದ.

ಒತ್ತಿದ ಹತ್ತಿಯ ಆ ಅಂಡಿಗೆಯನ್ನು ಕಟ್ಟಿ ಹೊರಗೆ ಉರುಳಿಸಿದ ಮೇಲೆ, ಮುಂದೆ ಇಳಿಯಬೇಕಿದ್ದವನು ಪೆಟ್ಟಿಗೆಯ ಅಂಚಿನಲ್ಲಿ ನಿಂತ. ಮೇಸ್ತ್ರಿಯ ಕಡೆ ತಿರುಗಲು ಅವನಿಗೂ ಧೈರ್ಯವಿರಲಿಲ್ಲ. ನೆಲ ನೋಡುತ್ತಲೇ, "ಮಾವ, ನನಗೂ ಹಂಗ ಮಾಡು" ಅಂದ.