ಗೈರುಹಾಜರಿ ಒಪ್ಪದ ಆಂಟಿ

ಚಳಿಗಾಲದಲ್ಲಿ ಆಂಟಿ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಅದರ ಮೇಲೆ ಉಂಗುಷ್ಟದ ಚಪ್ಪಲಿಯನ್ನೇ ಮೆಟ್ಟುತ್ತಿದ್ದರು. ಹೆಬ್ಬೆರಳ ಸಂದಿಯಲ್ಲಿ ಉಣ್ಣೆ ಸವೆದು ತೂತು ಬಿದ್ದಿತ್ತು. ಒಂದು ಶನಿವಾರ ಮಧ್ಯಾಹ್ನ ಆಸ್ಟ್ರೇಲಿಯಾದ ಪರ್ತ್ ನಗರದ ಕ್ಯಾನಿಂಗ್ಟನ್ನಿನಲ್ಲಿದ್ದ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ನಾಲ್ವರು: ನಾನು, ನನ್ನ ಹೆಂಡತಿ, ಆಂಟಿ, ಮತ್ತು ಗಣಿಯಲ್ಲಿ ಎಂಜಿನಿಯರಾಗಿದ್ದ ನನ್ನ ಗೆಳೆಯ. ಅವನ ಒಂಬತ್ತು ವರ್ಷದ ಮಗಳೂ ನನ್ನ ಮಗಳೂ ಒಳಗೆ ಟಿ.ವಿ. ಮುಂದಿದ್ದರು. ಅದು 2010, ಹಂದಿಜ್ವರದ ಎರಡನೇ ಚಳಿಗಾಲ.

ನಮ್ಮ ಕನ್ನಡದ ಬಳಗವೆಲ್ಲ ಆಂಟಿ ಎನ್ನುತ್ತಿದ್ದ ಇವರು ಮೈಸೂರಿನಲ್ಲಿ ಟೀಚರಾಗಿದ್ದವರು. ಪರ್ತಿಗೆ ಬಂದಮೇಲೆ ನಮ್ಮ ಮಕ್ಕಳ ಶಾಲೆಯಲ್ಲಿ ತರಗತಿ ಸಹಾಯಕಿಯಾಗಿದ್ದರು. ಬೆಳಿಗ್ಗೆ ಹಾಜರಿ ಕೂಗಿದಾಗ ಒಂದು ಮಗು ಓಗೊಡದಿದ್ದರೆ ಸಾಕು, ಊಟದ ಬಿಡುವಿನಲ್ಲಿ ಆ ಮಗುವಿನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಅದು ಅವರ ಕೆಲಸವಲ್ಲ ಎಂದು ಶಾಲೆಯವರೇ ಹೇಳಿ ಸೋತಿದ್ದರು. "ಜ್ವರ ಇರೋರು ಮನೇಲಿರ್ಲಿ. ಮನೇಲಿರೋಕೆ ಆಗ್ದೇ ಇರೋರು ಸ್ಕೂಲಿಗೆ ಬರ್ಲಿ," ಎನ್ನುತ್ತಿದ್ದರು.

ನಮ್ಮವರಲ್ಲಿ ಊಟಕ್ಕೆ ಕರೆದ ಡಾಕ್ಟರು ಸಾರಿನ ಜೊತೆಗೆ ಸಲಹೆಯನ್ನೂ ಕೊಡಬೇಕು. ಡಾಕ್ಟರಾದ ನಾನೇ ಕರೆದ ಊಟದಲ್ಲೂ ಅದು ತಪ್ಪಿದ್ದಲ್ಲ. ಒಳಗಿಂದ ಗೆಳೆಯನ ಮಗಳ ಕೆಮ್ಮು ಕೇಳಿಸಿತು. ಅವಳಿಗೆ ಮೊದಲಿಂದಲೂ ಅಷ್ಟಿಷ್ಟು ಉಬ್ಬಸ.

"ಇವಳನ್ನ ಸ್ಕೂಲಿಗೆ ಕಳಿಸ್ಬೋದಾ ಡಾಕ್ಟ್ರೇ?" ಎಂದು ಗೆಳೆಯ ಕೇಳಿದ.

"ಚಳಿಗಾಲ ಮುಗಿಯೋವರ್ಗೂ ಬೇಡ. ಉಬ್ಬಸ ಇರೋ ಮಕ್ಕಳಿಗೆ ರಿಸ್ಕು," ಎಂದೆ, ಅನ್ನ ಕಲಸುತ್ತಲೇ.

ಆಂಟಿ ತಲೆಯೆತ್ತಿ, "ಎದೆ ಪರೀಕ್ಷೆ ಮಾಡಿದ್ರಾ?" ಎಂದರು.

"ಆಂಟಿ, ಹಪ್ಪಳ ಮುರಿಯೋ ಸದ್ದಿನಲ್ಲಿ ಸ್ಟೆತಸ್ಕೋಪಿಗೆ ಏನು ಕೇಳ್ಸುತ್ತೆ?" ಎಂದೆ. ಎಲ್ಲರೂ ನಕ್ಕರು. ಆಂಟಿ ನಗಲಿಲ್ಲ.

ಕೈ ತೊಳೆಯುವಾಗ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಅವ್ರಪ್ಪ ನಾಳಿದ್ದು ಗಣಿಗೆ ಹೋದ್ರೆ ಎರಡು ವಾರ ಬರಲ್ಲ. ಮನೇಲಿ ಆ ಮಗೂನ ನೋಡ್ಕೊಳ್ಳೋರು ಯಾರು?"

"ಅವ್ರಮ್ಮ ಇದ್ದಾರಲ್ಲ."

"ಅವ್ರಮ್ಮನ್ನ ನೋಡ್ಕೊಳ್ತಿರೋಳೇ ಅವಳು."

ನನಗೂ ಗೊತ್ತಿತ್ತು. ಎರಡನೇ ಹೆರಿಗೆಯಾದಾಗಿನಿಂದ ಆ ತಾಯಿ ಪರದೆ ಎಳೆದ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅದಕ್ಕೆ ಬಾಣಂತಿ ಖಿನ್ನತೆ ಎಂಬ ಹೆಸರಿದೆಯೆಂದು ನಾನು ಬಲ್ಲೆ. ಆದರೆ ನಮ್ಮ ಬಳಗದಲ್ಲಿ ಎಲ್ಲರಂತೆ ನಾನೂ "ಸ್ವಲ್ಪ ಹುಷಾರಿಲ್ಲ" ಎಂದೇ ಅನ್ನುತ್ತಿದ್ದೆ. "ರಿಸ್ಕ್ ತಗೊಳ್ಳೋದು ಬೇಡ ಆಂಟಿ," ಎಂದು ಟವೆಲ್ಲಿಗೆ ಕೈ ಒರೆಸಿಕೊಂಡೆ.

ಹುಡುಗಿ ಶಾಲೆ ಬಿಟ್ಟಳು. ಡಾಕ್ಟರೇ ಹೇಳಿದ್ದಾರೆಂದ ಮೇಲೆ ಶಾಲೆಯವರೂ ಒತ್ತಾಯ ಮಾಡಲಿಲ್ಲ. ಆಂಟಿ ಮಾತ್ರ ದಿನಾ ಬಿಡುವಿನಲ್ಲಿ ಪಾಠದ ಹಾಳೆ ಹಿಡಿದುಕೊಂಡು ಅವಳ ಮನೆಗೆ ಹೋಗಿಬರುತ್ತಿದ್ದರು. ಎರಡನೇ ವಾರ ಒಂದು ಮಧ್ಯಾಹ್ನ ಅವರು ಹೋದಾಗ ಹುಡುಗಿ ಸಿಂಕಿನ ಮುಂದೆ ಸ್ಟೂಲಿನ ಮೇಲೆ ನಿಂತು, ನಲ್ಲಿಯ ತಣ್ಣೀರಿಗೆ ಮುಂಗೈ ಹಿಡಿದಿದ್ದಳಂತೆ. ತಮ್ಮನಿಗೆಂದು ಕಾಯಿಸಿದ ಹಾಲು ಚೆಲ್ಲಿತ್ತು. ಆಂಟಿ ಅವಳನ್ನು ನೇರ ನನ್ನ ಕ್ಲಿನಿಕ್ಕಿಗೆ ಕರೆತಂದರು. ಚರ್ಮ ಬೊಬ್ಬೆ ಎದ್ದಿತ್ತು. ಹುಡುಗಿ ಅಳದೆ, "ಸಾರಿ ಅಂಕಲ್," ಎಂದಳು.

ಪಟ್ಟಿ ಕಟ್ಟಿದೆ. ಆಮೇಲೆ, ಮೊಟ್ಟಮೊದಲ ಬಾರಿಗೆ, ಸ್ಟೆತಸ್ಕೋಪ್ ಇಟ್ಟು ಅವಳ ಎದೆ ಪರೀಕ್ಷಿಸಿದೆ. ಉಸಿರು ಸರಾಗವಾಗಿತ್ತು. ಇನ್‌ಹೇಲರ್ ಕೊಟ್ಟು, ಲಸಿಕೆ ಹಾಕಿ ಎಂದೋ ಶಾಲೆಗೆ ಕಳಿಸಬಹುದಿತ್ತು.

ಆಂಟಿ ಒಂದು ಕಟುಮಾತನ್ನೂ ಆಡಲಿಲ್ಲ. "ಸೋಮವಾರದಿಂದ ಸ್ಕೂಲಿಗೆ ಬರ್ಬೋದು ಅಂತ ಬರೀರಿ. ಅವ್ರಮ್ಮನಿಗೂ ಒಂದು ದಾರಿ ತೋರ್ಸಿ," ಎಂದರು. ಎರಡನ್ನೂ ಮಾಡಿದೆ. ಆ ತಾಯಿಯನ್ನು ಪ್ರತಿವಾರ ಚಿಕಿತ್ಸೆಗೆ ಕರೆದೊಯ್ದವರೂ ಆಂಟಿಯೇ. ವರ್ಷ ತುಂಬುವುದರೊಳಗೆ ಆಕೆ ತಾವೇ ಕಾರು ಓಡಿಸಿಕೊಂಡು ಮಗಳನ್ನು ಶಾಲೆಗೆ ಬಿಡತೊಡಗಿದರು.

ಬಳಗದವರು ನನ್ನನ್ನು ಹೊಗಳಿದರು, "ಡಾಕ್ಟ್ರು ಹುಡುಗಿ ಕೈ ಉಳಿಸಿದ್ರು" ಎಂದು. ಆಂಟಿಯ ಎದುರಿಗೇ ಹೊಗಳಿದರು. ನಾನು ನಗುತ್ತ ಹೊಗಳಿಸಿಕೊಂಡೆ.

ಮುಂದೆ ನಾನು ಬ್ರಿಸ್ಬೇನಿನ ರನ್‌ಕಾರ್ನಿಗೆ ಬಂದೆ. ಆಂಟಿ ಅಡಿಲೇಡಿಗೆ, ಮಗಳ ಮನೆಗೆ ಹೋದರು. ಒಂದು ಭಾನುವಾರ ಫೋನ್ ಮಾಡಿ, ಅದುಮಿಟ್ಟಿದ್ದನ್ನು ಹೇಳಿಬಿಟ್ಟೆ: "ಆಂಟಿ, ಉಬ್ಬಸ ಬರೀ ನೆಪ. ಕ್ಲಾಸಲ್ಲಿ ನನ್ನ ಮಗಳು ಅವಳ ಪಕ್ಕದಲ್ಲೇ ಕೂರ್ತಿದ್ಲು. ಅವತ್ತು ಊಟದಲ್ಲಿ ಆ ಕೆಮ್ಮು ಕೇಳಿ, ನಮ್ಮನೆಗೆ ಜ್ವರ ಬಂದ್ರೆ ಅಂತ ಹೆದರಿ ಸ್ಕೂಲಿಗೆ ಬೇಡ ಅಂದೆ."

ಆ ಕಡೆ ಕುಕ್ಕರ್ ಕೂಗಿ ಸುಮ್ಮನಾಯಿತು.

"ಅವತ್ತೇ ಗೊತ್ತಾಯ್ತು. ಅವರಿಬ್ಬರನ್ನ ಜೊತೇಲಿ ಕೂರಿಸಿದ್ದೇ ನಾನು," ಎಂದರು ಆಂಟಿ. "ಒಂದು ಮಾತು ಕೇಳಿದ್ರೆ ನಿಮ್ಮ ಮಗಳನ್ನ ಬೇರೆ ಕಡೆ ಕೂರಿಸ್ತಿದ್ದೆನಲ್ಲ ಡಾಕ್ಟ್ರೇ."

ಮತ್ತೆ ಆ ಮಾತೆತ್ತಲಿಲ್ಲ. ನನ್ನ ಮಕ್ಕಳು ಹೇಗಿದ್ದಾರೆಂದು ವಿಚಾರಿಸಿ ಫೋನಿಟ್ಟರು.

ಎರಡು ವರ್ಷದ ಮೇಲೆ ಆಂಟಿ ಅಡಿಲೇಡಿನಲ್ಲಿ ತೀರಿಕೊಂಡರು. ಪರ್ತಿನಿಂದ ಆ ಹುಡುಗಿ, ಅವಳ ತಾಯಿ ಇಬ್ಬರೂ ವಿಮಾನ ಹತ್ತಿ ಅಂತ್ಯಕ್ರಿಯೆಗೆ ಹೋಗಿದ್ದರಂತೆ. ನನಗೆ ಅಂದು ಕ್ಲಿನಿಕ್ಕಿತ್ತು. ಜೊತೆಯ ಡಾಕ್ಟರನ್ನು ಕೇಳಿದ್ದರೆ ನೋಡಿಕೊಳ್ಳುತ್ತಿದ್ದರು. ನಾನು ಕೇಳಲಿಲ್ಲ.